ದಲ್ಲಾಳಿಯ ಋಣ ಯಾರದು?

ದಲ್ಲಾಳಿತನ ಹೀನವೃತ್ತಿಯಲ್ಲ. ಬೇಕಾದವನನ್ನೂ ಕೊಡುವವನನ್ನೂ ಒಂದೆಡೆ ಕೂಡಿಸುವುದು ಶ್ರಮದ ಕೆಲಸ. ಅದಕ್ಕೆ ಪ್ರತಿಫಲ ಸಲ್ಲುವುದು ನ್ಯಾಯವೇ. ಆ ಪ್ರತಿಫಲವನ್ನು ಯಾರು ತೆರಬೇಕೆಂಬುದೇ ವಿಚಾರಣೀಯ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬಹುಕಾಲ ಒಂದು ವಿಚಿತ್ರ ವಾಡಿಕೆಯಿತ್ತು. ಮನೆಯ ಒಡೆಯನು ತನ್ನ ಅಪಾರ್ಟ್‌ಮೆಂಟಿಗೆ ಬಾಡಿಗೆದಾರನನ್ನು ಹುಡುಕಲು ದಲ್ಲಾಳಿಯನ್ನು ನೇಮಿಸುವನು. ದಲ್ಲಾಳಿಯು ಒಡೆಯನ ಹಿತವನ್ನೇ ಕಾಯುವನು. ಶುಲ್ಕವನ್ನು ಮಾತ್ರ ಬಾಡಿಗೆದಾರನು ತೆರುವನು. ಅದು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಿಂದ ಹಿಡಿದು ವರ್ಷದ ಬಾಡಿಗೆಯ ಶೇಕಡಾ 15ರವರೆಗೆ ಇರುತ್ತಿತ್ತು. ತಿಂಗಳಿಗೆ 3,000 ಡಾಲರಿನ ಮನೆಗೆ ಶೇ. 15ರ ದರದಲ್ಲಿ 5,400 ಡಾಲರು. ಮೊದಲ ತಿಂಗಳ ಬಾಡಿಗೆಯೂ ಒಂದು ತಿಂಗಳ ಠೇವಣಿಯೂ ಸೇರಿದರೆ, ಬೀಗದ ಕೈ ದೊರೆಯುವ ಮುನ್ನವೇ 11,400. ಲೆಕ್ಕ ಬಲ್ಲವರು ಇಲ್ಲೊಂದು ಭೇದವನ್ನು ಗಮನಿಸಬೇಕು. ಠೇವಣಿ ಮರಳಿ ಬರತಕ್ಕ ಹಣ. ಬಾಡಿಗೆಗೆ ಪ್ರತಿಯಾಗಿ ವಾಸದ ದಿನಗಳುಂಟು. ಶುಲ್ಕವೋ, ಹೋದದ್ದು ಹೋಯಿತು. ವರ್ಷಕ್ಕೇ ಮನೆ ಬಿಟ್ಟವನಿಗೆ ಅದು ತಿಂಗಳಿಗೆ 450 ಡಾಲರಿನ ಹೆಚ್ಚುವರಿ ಬಾಡಿಗೆ. ಮೂರು ವರ್ಷ ಇದ್ದವನಿಗೆ 150.

‘ಒಪ್ಪಿಯೇ ಕೊಟ್ಟನಲ್ಲ’ ಎಂಬ ಸಮರ್ಥನೆಯಿದೆ. ಸೂರು ಬೇಕಾದವನ ಒಪ್ಪಿಗೆಯು ಅರ್ಧ ಒಪ್ಪಿಗೆ ಮಾತ್ರ. ದಲ್ಲಾಳಿಯನ್ನು ಆರಿಸಿದವನು ಅವನಲ್ಲ. ಚೌಕಾಶಿ ಮಾಡುವ ಬಲವೂ ಅವನಿಗಿಲ್ಲ. ಆ ಬಲವಿದ್ದ ಒಡೆಯನಿಗೆ, ಕೈಚೀಲ ತನ್ನದಲ್ಲವಾದ್ದರಿಂದ, ಚೌಕಾಶಿಯ ಗೊಡವೆಯೇ ಇರಲಿಲ್ಲ.

2020ರಲ್ಲಿ ನ್ಯೂಯಾರ್ಕ್ ರಾಜ್ಯದ ಇಲಾಖೆಯೊಂದು ಈ ವಾಡಿಕೆಯನ್ನು ತಡೆಯಲೆತ್ನಿಸಿತು. 2021ರಲ್ಲಿ ನ್ಯಾಯಾಲಯವು ಆ ಸೂಚನೆಯನ್ನು ರದ್ದುಪಡಿಸಿತು. ತರುವಾಯ 2024ರ ನವೆಂಬರಿನಲ್ಲಿ ನಗರಸಭೆಯು ‘ಫೇರ್ ಆಕ್ಟ್’ ಎಂಬ ಕಾನೂನನ್ನು ಅಂಗೀಕರಿಸಿತು. 2025ರ ಜೂನ್ 11ರಿಂದ ಅದು ಜಾರಿಗೆ ಬಂದಿದೆ. ನೇಮಿಸಿದವನೇ ತೆರಬೇಕು, ಬಾಡಿಗೆದಾರನು ಕೊಡಬೇಕಾದ ಇತರ ಶುಲ್ಕಗಳೇನಿದ್ದರೂ ಮೊದಲೇ ತಿಳಿಸಬೇಕು. ಜರ್ಮನಿಯಲ್ಲಿ ಇದೇ ತತ್ತ್ವ 2015ರಿಂದಲೇ ಜಾರಿಯಲ್ಲಿದೆ.

ಒಡೆಯನು ಆ ಮೊತ್ತವನ್ನು ಬಾಡಿಗೆಗೇ ಸೇರಿಸುವನೆಂಬ ಆಕ್ಷೇಪವು ಸುಳ್ಳಲ್ಲ. ಆದರೂ ಬಹಿರಂಗವಾಗಿ ಹೇಳಿದ ಬಾಡಿಗೆಯನ್ನು ಬೇರೆ ಮನೆಗಳೊಡನೆ ತೂಗಿ ನೋಡಬಹುದು. ಕೈಯಲ್ಲಿ ಸಾವಿರಾರು ಡಾಲರು ಕೂಡಿಟ್ಟಿಲ್ಲದವನು ಹೊಸ್ತಿಲಿನಲ್ಲೇ ಹಿಂದಿರುಗಬೇಕಾಗಿಲ್ಲ. ನಿಜವಾದ ಅಪಾಯ ಇನ್ನೊಂದೆಡೆ ಇದೆ. ಒಂದೇ ಸಲದ ಖರ್ಚಿಗಾಗಿ ಏರಿಸಿದ 450 ಡಾಲರು ಎರಡನೆಯ, ಮೂರನೆಯ ವರ್ಷವೂ ಮುಂದುವರಿದರೆ, 5,400ರ ಋಣಕ್ಕೆ 16,200 ವಸೂಲಾದಂತಾಯಿತು. ಇದನ್ನು ಹಿಡಿಯುವ ಬಲೆ ಆ ಕಾನೂನಿನಲ್ಲಿಲ್ಲ. ಒಡೆಯನ ಖಾತೆಪುಸ್ತಕವೊಂದೇ ಬಲ್ಲದು.

ಬಾಡಿಗೆದಾರನಿಗೂ ಕರ್ತವ್ಯವುಂಟು. ತಾನೇ ದಲ್ಲಾಳಿಯನ್ನು ನೇಮಿಸಿ, ಹತ್ತು ಮನೆಗಳನ್ನು ಸುತ್ತಿಸಿ, ಕೊನೆಗೆ ಅವನ ಕಣ್ತಪ್ಪಿಸಿ ಒಡೆಯನೊಡನೆ ನೇರವಾಗಿ ಕುದುರಿಸುವುದು ಚೌರ್ಯವೇ. ಈ ಜಾಣತನ ಬೆಂಗಳೂರಿಗೆ ಅಪರಿಚಿತವಲ್ಲ. ಅಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ದಲ್ಲಾಳಿ ಹಣ ರೂಢಿಯಲ್ಲಿದ್ದು, ಹಲವೊಮ್ಮೆ ಎರಡೂ ಪಕ್ಷಗಳಿಂದ ಪಡೆಯುತ್ತಾರೆ. ಹಾಗೆ ಇಬ್ಬರ ಕೂಲಿಯನ್ನೂ ಪಡೆಯುವವನು, ಬಾಡಿಗೆಯ ಮಾತುಕತೆ ಆರಂಭವಾಗುವ ಮುನ್ನವೇ ಅದನ್ನು ಇಬ್ಬರಿಗೂ ತಿಳಿಸಿರಬೇಕು.