ಹಿಂಗಾರಿ ಹದ್ದುಗಳ ಲೆಕ್ಕ: ಒಂದು ಮೀಮಾಂಸೆ

ವಿಷಯ ಇಷ್ಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆ ಬಯಲಿಗೆ ಹಿಂಗಾರಿ ಬಿತ್ತಿಗೆಯ ಹೊತ್ತಿನಲ್ಲಿ ಉತ್ತರದಿಂದ ಬಂದಿಳಿಯುವ ಬೇಟೆಹಕ್ಕಿಗಳನ್ನು ಎಣಿಸಲಾದೀತೇ? ಎಣಿಸಿದರೆ ಆ ಸಂಖ್ಯೆಗೆ ಅರ್ಥವುಂಟೇ? ಉಂಟು ಎಂಬುದು ನನ್ನ ಪಕ್ಷ, ಒಂದು ಷರತ್ತಿನ ಮೇಲೆ: ಮೇಲೆ ಹಾದುಹೋಗುವ ಹಕ್ಕಿಯನ್ನು ಬಿಟ್ಟು, ಸಂಜೆ ಹುಲ್ಲಿಗೆ ಇಳಿಯುವ ಹಕ್ಕಿಯನ್ನು ಎಣಿಸಬೇಕು.

ಪೂರ್ವಪಕ್ಷ ಸಣ್ಣದಲ್ಲ. ರೆಕ್ಕೆ ಅಗಲವಾದ ಹಕ್ಕಿಗಳು ಕಾದ ನೆಲದಿಂದ ಏಳುವ ಬಿಸಿಗಾಳಿಯನ್ನೋ ಬೆಟ್ಟಕ್ಕೆ ಬಡಿದು ಮೇಲೇರುವ ಗಾಳಿಯನ್ನೋ ನಂಬಿ ದೂರ ಹೋಗುತ್ತವೆ. ಕಡಲು ಎದುರಾದರೆ ಸುತ್ತು ಹಾಕುತ್ತವೆ. ಹಾಗಾಗಿ ಕೆಲವೆಡೆ ಅವು ಇಕ್ಕಟ್ಟಿಗೆ ಬೀಳುತ್ತವೆ. ಕಪ್ಪು ಸಮುದ್ರಕ್ಕೂ ಪರ್ವತಕ್ಕೂ ನಡುವೆ ಸಿಕ್ಕ ಜಾರ್ಜಿಯಾದ ಬಟೂಮಿಯಲ್ಲಿ ಒಂದೇ ಶರತ್ಕಾಲದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಹಕ್ಕಿಗಳು ಲೆಕ್ಕಕ್ಕೆ ಸಿಕ್ಕಿವೆ. ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ನಿನಲ್ಲಿ ಬೇಟೆಗಾರರು ಹದ್ದುಗಳನ್ನು ಸಾಲಾಗಿ ಹೊಡೆದು ಉರುಳಿಸುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಹೆಂಗಸು ಆ ಗುಡ್ಡವನ್ನು ಗುತ್ತಿಗೆಗೆ ಹಿಡಿದು ಬೇಟೆ ನಿಲ್ಲಿಸಿದರು, ಕಾವಲಿಗೆ ಬಂದ ಮೌರಿಸ್ ಬ್ರೌನ್ ಎಣಿಕೆಗೆ ಕೂತರು. ನಮ್ಮಲ್ಲಿ ಭೀಮೆಯಿಂದ ಕೃಷ್ಣೆಯವರೆಗೆ ಅಂಥ ಗುಡ್ಡವೆಲ್ಲಿದೆ? ಹಕ್ಕಿ ಇಂಡಿಯ ಲಿಂಬೆ ತೋಟದ ಮೇಲೂ ಹೋದೀತು, ಹತ್ತಾರು ಮೈಲಿ ಆಚೆಯೂ ಹೋದೀತು. ಇಲ್ಲಿ ತಲೆಯೆತ್ತಿ ಕೂತವನಿಗೆ ಗೊತ್ತಾಗುವುದು ತನ್ನ ಕಣ್ಣಿನ ಹರವು ಮಾತ್ರ. ಈ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ.

ಒಪ್ಪಿದ ಮೇಲೂ ದಾರಿಯೊಂದು ಉಳಿದಿದೆ. ಬರುವ ಹಕ್ಕಿಗಳೆಲ್ಲ ಹಾದುಹೋಗುವವಲ್ಲ. ಪುಸ್ತಕಗಳು ಸೆಳೆವ ಎನ್ನುವ ಹ್ಯಾರಿಯರ್‌ಗಳು ಕಜಾಕಸ್ತಾನದ ಕಡೆಯ ಹುಲ್ಲುಬಯಲಿನಿಂದ ಸೆಪ್ಟೆಂಬರ್ ಹೊತ್ತಿಗೆ ಬರತೊಡಗಿ ಮಾರ್ಚ್ ಏಪ್ರಿಲ್‌ವರೆಗೆ ದಖ್ಖನ್ನಿನಲ್ಲೇ ಇರುತ್ತವೆ. ಹಗಲೆಲ್ಲ ಜೋಳ, ಕಡಲೆ, ಕುಸುಬೆಯ ಹೊಲಗಳ ಮೇಲೆ ಒಂಟೊಂಟಿಯಾಗಿ, ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ತೇಲುತ್ತ ಮಿಡತೆ, ಇಲಿ, ಬಾನಾಡಿ ಹುಡುಕುತ್ತವೆ. ಕತ್ತಲಾಗುವಾಗ ಮರ ಏರುವುದಿಲ್ಲ, ಹುಲ್ಲುಗಾವಲಿನ ನೆಲದ ಮೇಲೆ ಗುಂಪಾಗಿ ಮಲಗುತ್ತವೆ. ಗುಜರಾತಿನ ವೇಳಾವದರ್, ಆಂಧ್ರದ ರೋಳ್ಳಪಾಡು, ಬೆಂಗಳೂರು ಪಕ್ಕದ ಹೆಸರಘಟ್ಟ ಇಂಥ ಹೆಸರಾಂತ ತಂಗುದಾಣಗಳು. ಬೆಟ್ಟ ಮಾಡುವ ಕೆಲಸವನ್ನು ಇಲ್ಲಿ ಹುಲ್ಲು ಮಾಡುತ್ತದೆ: ಹತ್ತಾರು ಹಳ್ಳಿಗಳ ಹಕ್ಕಿಗಳನ್ನು ಒಂದೇ ಮಡ್ಡಿಗೆ ತಂದು ಕೂಡಿಸುತ್ತದೆ.

ಎಣಿಸುವ ಕ್ರಮದಲ್ಲೇ ಎಲ್ಲ ಇದೆ. ಹೊತ್ತು ಮುಳುಗುವ ಒಂದು ತಾಸು ಮೊದಲೇ, ಹುಲ್ಲಿನಿಂದ ಸಾಕಷ್ಟು ದೂರ, ಇಬ್ಬರು ಎರಡು ದಿಕ್ಕಿಗೆ ಕೂರಬೇಕು. ಮೊದಲು ಹಕ್ಕಿಗಳು ಪಕ್ಕದ ಹರಗಿದ ಹೊಲಕ್ಕೆ ಬಂದು ಹೆಂಟೆಗಳ ನಡುವೆ ಕೂರುತ್ತವೆ. ಕಂದು ಬೆನ್ನು ಕರಿಮಣ್ಣಿಗೆ ಬೆರೆತು, ಒಂದು ತಲೆ ತಿರುಗಿಸಿದಾಗಲೇ ಅಲ್ಲಿ ಐದಾರು ಇವೆಯೆಂದು ತಿಳಿಯುವುದು. ಇವನ್ನು ಲೆಕ್ಕಕ್ಕೆ ಹಿಡಿಯಬಾರದು, ಇವೇ ಮತ್ತೆ ಎದ್ದು ಹುಲ್ಲಿಗೆ ಬರುತ್ತವೆ. ಹುಲ್ಲಿನ ಮೇಲೆ ಎರಡು ಸುತ್ತು ಹಾಕಿ, ಕಾಲು ಇಳಿಬಿಟ್ಟು, ಪಟ್ಟನೆ ಮಾಯವಾದಾಗ ಒಂದು ಗೀಟು. ನಾಯಿ ನುಗ್ಗಿ ಎಬ್ಬಿಸಿದರೆ ಎದ್ದಷ್ಟನ್ನು ಕಳೆಯಬೇಕು.

ಹಾಗಾದರೆ ಇಂದಿನ ಹಕ್ಕಿಯೇ ನಾಳೆಯೂ ಬರುತ್ತದಲ್ಲ, ಎರಡು ಸಲ ಎಣಿಸಿದಂತಾಗದೇ? ಆಗುತ್ತದೆ, ಕೂಡಿಸಿದರೆ. ಕೂಡಿಸಬಾರದು. ನಾಲ್ಕೂ ತಾಲ್ಲೂಕಿನ ತಂಗುದಾಣಗಳಲ್ಲಿ ಒಂದೇ ಸಂಜೆ ಎಣಿಸಬೇಕು, ಆ ಸಂಜೆಯ ಸಂಖ್ಯೆ ಆ ಸಂಜೆಗಷ್ಟೇ. ದಿನವನ್ನು ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗೆ ಗಂಟು ಹಾಕುವ ಆಸೆ ನಮ್ಮವರಿಗೆ ಸಹಜ. ಆದರೆ ಅಧಿಕಮಾಸ ಬಂದ ವರ್ಷ ಅವು ಹಿಂದೆಮುಂದೆ ಸರಿಯುತ್ತವೆ, ಹಕ್ಕಿ ಸರಿಯುವುದಿಲ್ಲ. ಇಂಗ್ಲಿಷ್ ತಾರೀಖೇ ಸರಿ.

ಜಾತಿ ಗುರುತಿಸಲಾಗದು ಎಂಬ ಆಕ್ಷೇಪ ಅರ್ಧ ನಿಜ. ಮಾಂಟೆಗು ಹ್ಯಾರಿಯರ್ ಗಂಡಿಗೆ ಬೂದು ರೆಕ್ಕೆಯ ಮೇಲೆ ಕರಿಪಟ್ಟಿ. ಪ್ಯಾಲಿಡ್ ಗಂಡು ಹೆಚ್ಚು ಬಿಳಿ, ರೆಕ್ಕೆತುದಿಯಲ್ಲಿ ಮಾತ್ರ ಕರಿ ಮೊನೆ. ಎರಡರ ಹೆಣ್ಣುಗಳನ್ನೂ ಮಬ್ಬಿನಲ್ಲಿ ಬೇರ್ಪಡಿಸುತ್ತೇನೆಂದು ಹೊರಡುವುದು ಬರೀ ಜಂಬ. ‘ಬೂದು ಗಂಡು’, ‘ಕಂದು ಹಕ್ಕಿ’ ಎಂದು ಎರಡೇ ಕಲಮು ಸಾಕು. ಬೆಳಕಿದ್ದಾಗ ಎದೆಯಲ್ಲಿ ಗೀರಿಲ್ಲದ ಕೆಂಗಂದು ಕಂಡರೆ ಆ ವರ್ಷದ ಮರಿ ಎಂದು ಬದಿಗೆ ಬರೆಯಬಹುದು. ಈ ಬದಿಯ ಬರಹ ಹಗುರವಲ್ಲ. ಬ್ರೌನ್ ಅವರ ಲೆಕ್ಕದಲ್ಲಿ 1935–39ರಲ್ಲಿ ಹಾದ ಬಾಲ್ಡ್ ಈಗಲ್‌ಗಳಲ್ಲಿ ಶೇ 40ರಷ್ಟು ಎಳೆಯವಿದ್ದವು, 1955–59ಕ್ಕೆ ಶೇ 20. ಡಿಡಿಟಿ ವಿಷದ ವಿರುದ್ಧ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದ ರಾಚೆಲ್ ಕಾರ್ಸನ್‌ಗೆ ಸಾಕ್ಷಿಯಾಗಿ ಒದಗಿದ್ದು ಈ ಅಂಕಿ.

ಉಪಗ್ರಹದ ಕಾಲದಲ್ಲಿ ಈ ಗೀಟುಲೆಕ್ಕ ಯಾಕೆ ಎನ್ನುವವರಿಗೆ ಉತ್ತರ ಚಿಕ್ಕದು. 2013ರಲ್ಲಿ ನಾಗಾಲ್ಯಾಂಡಿನ ಪಾಂಗ್ಟಿಯ ಬಳಿ ಮೂರು ಅಮೂರ್ ಚಾಣಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದಾಗ ಅವು ನಮ್ಮ ಪರ್ಯಾಯದ್ವೀಪ ದಾಟಿ ಅರಬ್ಬಿ ಸಮುದ್ರದ ಮೇಲೆ ಆಫ್ರಿಕಕ್ಕೆ ಹೋದದ್ದು ತಿಳಿಯಿತು. ದಾರಿ ತಿಳಿಯಿತು, ಎಷ್ಟು ಉಳಿದಿವೆ ಎಂಬುದನ್ನು ಆ ಯಂತ್ರ ಹೇಳದು.

ಕೊನೆಯ ಆಕ್ಷೇಪ ರೈತನದು: ನಮಗೇನು ಲಾಭ? ಹ್ಯಾರಿಯರ್ ಮಿಡತೆ ತಿನ್ನುತ್ತದೆ, ಬೆಳೆ ಉಳಿಯುತ್ತದೆ ಎಂಬ ಸಿದ್ಧ ಉತ್ತರ ನನಗೆ ಹಿಡಿಸದು. ತಿನ್ನುವುದು ನಿಜ, ಬೆಳೆ ಉಳಿಯುವಷ್ಟು ಎಂದು ಹೇಳುವ ಧೈರ್ಯ ನನಗಿಲ್ಲ. ಲಾಭದ ಪ್ರಶ್ನೆ ಹುಲ್ಲಿನದು. ದನ ಮೇಯುವ ಮಡ್ಡಿ, ಗೋಮಾಳ, ಬೀಳು ನೆಲ ಸರ್ಕಾರಿ ಕಡತಗಳಲ್ಲಿ ಸುಲಭವಾಗಿ ‘ಬಂಜರು’ ಆಗುತ್ತದೆ. ಬಂಜರೆಂದಾದ ಮೇಲೆ ಅಲ್ಲಿ ಸಸಿ ನೆಟ್ಟರೂ ಸೈ, ಸೋಲಾರ್ ಹಲಗೆ ಹಾಸಿದರೂ ಸೈ. ಆ ನೆಲದಲ್ಲಿ ಪ್ರತಿ ಚಳಿಗಾಲ ಇಷ್ಟು ಹಕ್ಕಿ ಮಲಗುತ್ತವೆ ಎಂದು ವರ್ಷವರ್ಷ ಬರೆದಿಟ್ಟ ಕಾಗದ ಇದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವವನ ಕೈಯಲ್ಲಿ ಏನಾದರೂ ಇರುತ್ತದೆ. ವಲಸೆ ಬೇಟೆಹಕ್ಕಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2016ರಲ್ಲೇ ಸಹಿ ಹಾಕಿದೆ. ಸಹಿಯೊಂದೇ ಸಾಲದು, ಊರೂರಿನ ಅಂಕಿ ಬೇಕು.

ಮಳೆ ಹೋದ ವರ್ಷ ಹುಲ್ಲು ಏಳದೆ ಹಕ್ಕಿ ಬೇರೆಡೆ ಹೋದೀತು, ಅದನ್ನು ನಾಶವೆಂದು ಓದಬಾರದು. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ ಆ ವರ್ಷದ ಮಳೆ, ಹುಲ್ಲಿನ ಎತ್ತರ ಬರೆಯಿರಿ. ಜಾಗದ ಹೆಸರನ್ನು ಕ್ಯಾಮೆರಾದವರಿಗೆ ಹೇಳಬೇಡಿ. ಒಂದೂ ಹಕ್ಕಿ ಇಳಿಯದ ಸಂಜೆ ಪುಟ ಖಾಲಿ ಬಿಡದೆ ಸೊನ್ನೆ ಬರೆದು ತಾರೀಖು ಹಾಕಿ.