ಮನೆಯ ಬಿಸುಪು

ಗೃಹಸ್ಥಾಶ್ರಮದಲ್ಲಿ ದೊಡ್ಡ ವಿಷಯಗಳಿಗಾಗಿ ಹುಟ್ಟುವ ಕಲಹಗಳು ವಿರಳ. ಸಣ್ಣ ವಿಷಯಗಳಿಗಾಗಿ ಹುಟ್ಟುವ ಕಲಹಗಳೇ ಹೆಚ್ಚು. ಮಕ್ಕಳ ವಿದ್ಯಾಭ್ಯಾಸ, ಬಂಧುಗಳ ಸತ್ಕಾರ, ಗುರುಲಿಂಗಜಂಗಮರ ಸೇವೆ ಇವುಗಳಲ್ಲಿ ಏಕಮನಸ್ಕರಾಗಿ ನಡೆಯುವ ಸತಿಪತಿಗಳು, ಕಿಟಕಿಯನ್ನು ತೆರೆಯಬೇಕೋ ಮುಚ್ಚಬೇಕೋ ಎಂಬ ಒಂದು ಮಾತಿಗಾಗಿ ಮುಖ ತಿರುವಿ ಕುಳಿತುಕೊಳ್ಳುವುದುಂಟು. ಇದನ್ನು ಕಂಡು ನಗುವವರು ನಗಬಹುದು. ಆದರೆ ಕೆರೆಯ ಏರಿ ಒಡೆಯುವುದು ಬೆರಳು ಹಿಡಿಸದ ಬಿರುಕಿನಿಂದಲೇ ಎಂಬುದನ್ನು ಬಲ್ಲ ಒಕ್ಕಲಿಗನು ನಗಲಾರನು. ಸಣ್ಣದೆಂದು ಕಡೆಗಣಿಸಿದ ಕಲಹದ ಬುಡದಲ್ಲಿ ಏನಿದೆಯೆಂದು ನೋಡುವುದು ಸದ್ಭಕ್ತರಿಗೆ ಉಚಿತವಾದುದು.

ಶೀತದೇಶಗಳ ಮನೆಗಳಲ್ಲಿ ಇಂತಹ ಕಲಹಗಳ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವುದು, ಮನೆಯನ್ನು ಎಷ್ಟು ಬೆಚ್ಚಗಿಡಬೇಕು ಎಂಬುದು. ಇದು ದೂರದೇಶದ ಮಾತೆಂದು ಬದಿಗಿಡಲಾಗದು. ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ವೈದ್ಯರಾಗಿ, ಇಂಜಿನಿಯರುಗಳಾಗಿ ಆಂಗ್ಲನಾಡಿನಲ್ಲಿ ನೆಲೆಸಿದ್ದಾರೆ. ಅವರ ತಾಯಿತಂದೆಗಳು ಮೊಮ್ಮಕ್ಕಳ ಮುಖ ನೋಡಲು ಅಲ್ಲಿಗೆ ಹೋಗಿ ಚಳಿಗಾಲವನ್ನು ಕಳೆಯುತ್ತಾರೆ. ಅಲ್ಲಿನ ಚಳಿ ಇಲ್ಲಿನ ಮಾಗಿಯ ಚಳಿಯಲ್ಲ. ಧನುರ್ಮಾಸದ ಬೆಳಗಿನಲ್ಲಿ ಹೊದ್ದ ಕಂಬಳಿಯನ್ನು ಹೊತ್ತೇರಿದ ಮೇಲೆ ತೆಗೆದಿಡುವಂತೆ ಅಲ್ಲಿ ತೆಗೆದಿಡಲು ಬರುವುದಿಲ್ಲ.

ಹಿಂದಿನ ಕಾಲದಲ್ಲಿ ಮನೆಗೆ ಒಂದು ಒಲೆ, ಹೆಚ್ಚೆಂದರೆ ಒಂದು ಅಗ್ಗಿಷ್ಟಿಕೆ. ಮಲೆನಾಡಿನ ಮಳೆಗಾಲದ ರಾತ್ರಿಯಲ್ಲಿ ಮನೆಮಂದಿಯೆಲ್ಲ ಅದರ ಸುತ್ತ ಕೂಡುತ್ತಿದ್ದರು. ಅಜ್ಜಿ ಕೆಂಡಕ್ಕೆ ಅಂಗೈ ತಾಗುವಷ್ಟು ಸಮೀಪ. ಹೊಲದಿಂದ ಬಂದ ಯುವಕನು ಕಂಬಕ್ಕೊರಗಿ ದೂರ. ಮಗುವು ತಾಯಿಯ ಸೆರಗಿನೊಳಗೆ. ಬೆಂಕಿ ಒಂದೇ, ದೂರ ಮಾತ್ರ ಅವರವರದು. ಯಾರಿಗೆ ಎಷ್ಟು ಬಿಸುಪು ಬೇಕೆಂಬುದನ್ನು ಯಾರೂ ಯಾರೊಡನೆಯೂ ವಾದಿಸಬೇಕಾಗಿರಲಿಲ್ಲ. ಮಣೆಯನ್ನು ಒಂದು ಗೇಣು ಮುಂದಕ್ಕೆಳೆದರೆ, ಹಿಂದಕ್ಕೆ ಸರಿಸಿದರೆ ವ್ಯಾಜ್ಯ ತೀರುತ್ತಿತ್ತು.

ಇಂದಿನ ಆಂಗ್ಲನಾಡಿನ ಮನೆಯಲ್ಲಿ ಹೆಚ್ಚಾಗಿ ಅನಿಲದಿಂದ ಉರಿಯುವ ಒಂದು ಬಾಯ್ಲರು ನೀರನ್ನು ಕಾಯಿಸುತ್ತದೆ. ಆ ನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಬಿಸಿಮಾಡುತ್ತದೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಎಂಬ ಉಷ್ಣನಿಯಂತ್ರಕವು ಗೊತ್ತುಪಡಿಸಿದ ಅಂಕಿಗೆ ತಲುಪಿದೊಡನೆ ಉರಿಯನ್ನು ನಿಲ್ಲಿಸುತ್ತದೆ. ಈ ಸಾಧನದ ಮೂಲಪುರುಷರಲ್ಲಿ ಒಬ್ಬರಾದ ವಾರೆನ್ ಜಾನ್ಸನ್ ಎಂಬವರು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಒಬ್ಬ ಉಪಾಧ್ಯಾಯರು. ಪಾಠಶಾಲೆಯ ಕೋಣೆ ತಣ್ಣಗಾದಾಗ ನೆಲಮಾಳಿಗೆಯ ಪರಿಚಾರಕನಿಗೆ ಗಂಟೆ ಬಾರಿಸಿ ತಿಳಿಸುವ ವಿದ್ಯುತ್ ಸಾಧನಕ್ಕೆ 1883ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಉಪಕಾರವೇನೋ ದೊಡ್ಡದು. ಆದರೆ ಒಲೆಯ ಸುತ್ತ ಇದ್ದ ಹಲವು ದೂರಗಳು ಅಳಿದು, ಮನೆಗೆಲ್ಲ ಒಂದೇ ಅಂಕಿ ಉಳಿಯಿತು. ಹಲವು ಮೈಗಳಿಗೆ ಒಂದೇ ಅಂಕಿ ಎಂದಾಗ, ಆ ಅಂಕಿ ಯಾರದಾಗಬೇಕು ಎಂಬ ಕಲಹವೂ ಜತೆಯಲ್ಲೇ ಹುಟ್ಟಿತು.

ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗಂಡನು ಯಂತ್ರವನ್ನು 17 ಡಿಗ್ರಿ ಸೆಲ್ಸಿಯಸ್‌ಗೆ ಇಡುತ್ತಾನೆ. ಹೆಂಡತಿ 21ಕ್ಕೆ ಏರಿಸುತ್ತಾಳೆ. ಅವನು ಮಲಗುವ ಮುನ್ನ ಸದ್ದಿಲ್ಲದೆ ಇಳಿಸುತ್ತಾನೆ. ಅವನು ಕೆಲಸಕ್ಕೆ ಹೊರಟೊಡನೆ ಅವಳು ಸದ್ದಿಲ್ಲದೆ ಏರಿಸುತ್ತಾಳೆ. “ಹಣವೇನು ಮರದಲ್ಲಿ ಬೆಳೆಯುತ್ತದೆಯೆ? ಇನ್ನೊಂದು ಅಂಗಿ ತೊಟ್ಟುಕೊಳ್ಳಬಾರದೆ?” ಎಂದು ಅವನು. “ನನ್ನ ಮೈ ನಡುಗುವುದು ನಿಮಗೆ ಲೆಕ್ಕವಿಲ್ಲ, ಬಿಲ್ಲೊಂದೇ ಲೆಕ್ಕ” ಎಂದು ಅವಳು. ಒಳಕೋಣೆಯಲ್ಲಿ ಊರಿನಿಂದ ಬಂದ ಅವನ ತಾಯಿ ಶಾಲು ಹೊದ್ದು ಕುಳಿತಿದ್ದಾಳೆ. ಅವಳು ಏನನ್ನೂ ಹೇಳುವುದಿಲ್ಲ.

ಗಂಡನ ಮಾತನ್ನು ಕೇವಲ ಲೋಭವೆನ್ನಲಾಗದು. ಸಾಧಾರಣ ಬಳಕೆಯ ಒಂದು ಮನೆಗೆ ಅನಿಲ ಮತ್ತು ವಿದ್ಯುತ್ತಿಗಾಗಿ ವರ್ಷಕ್ಕೆ ತಗಲುವ ವೆಚ್ಚವು 2021ರ ಅಕ್ಟೋಬರಿನ ದರದಂತೆ 1,277 ಪೌಂಡುಗಳಾಗಿದ್ದುದು, 2022ರ ಅಕ್ಟೋಬರಿನಲ್ಲಿ ಸರ್ಕಾರವು ದರವನ್ನು ತಡೆಹಿಡಿದ ಮೇಲೂ 2,500 ಪೌಂಡುಗಳಿಗೆ ಏರಿತು. ಕಾಯಕದಿಂದ ಗಳಿಸಿದ ಹಣವನ್ನು ಖಾಲಿ ಕೋಣೆಗಳನ್ನು ಕಾಯಿಸಲು ಸುಡುವುದು ಧರ್ಮವಲ್ಲ. ಪಡೆದದ್ದೆಲ್ಲವೂ ಪ್ರಸಾದವೆಂಬ ಭಾವವುಳ್ಳವನು ಎಲೆಯಲ್ಲಿ ಅನ್ನವನ್ನು ಬಿಡದಂತೆ, ಉರಿಯನ್ನೂ ವ್ಯರ್ಥಮಾಡನು. ಇಷ್ಟರ ಮಟ್ಟಿಗೆ ಅವನು ಹೇಳುವುದು ದಿಟ.

ಹೆಂಡತಿಯ ಮಾತೂ ದಿಟವೇ. ದೇಹದ ಒಳಗಿನ ಉಷ್ಣಮಾನವು ಆರೋಗ್ಯವಂತರೆಲ್ಲರಲ್ಲಿಯೂ ಸುಮಾರು 37 ಡಿಗ್ರಿ. ಆದರೆ ಆ ಬಿಸುಪನ್ನು ಉಂಟುಮಾಡುವ ಶಕ್ತಿ ಎಲ್ಲರಲ್ಲೂ ಸಮವಲ್ಲ. ಸ್ನಾಯುಗಳು ಅಧಿಕವಾಗಿರುವ ಶರೀರವು ಸುಮ್ಮನೆ ಕುಳಿತಾಗಲೂ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಸಾಮಾನ್ಯವಾಗಿ ಪುರುಷನಿಗೆ ಈ ಅನುಕೂಲ ಹೆಚ್ಚು. ಕಚೇರಿಗಳ ಉಷ್ಣಮಾನವನ್ನು ಗೊತ್ತುಮಾಡುವ ಲೆಕ್ಕಾಚಾರಗಳು ಸಾಧಾರಣ ಪುರುಷನೊಬ್ಬನ ಶರೀರವನ್ನೇ ಅಳತೆಗೋಲಾಗಿ ಹಿಡಿದಿದ್ದವೆಂದೂ, ಅವು ಸ್ತ್ರೀಯರ ಶರೀರದ ಶಾಖೋತ್ಪತ್ತಿಯನ್ನು ನೂರಕ್ಕೆ 35ರವರೆಗೆ ಹೆಚ್ಚಾಗಿ ಎಣಿಸಬಹುದೆಂದೂ ಹಾಲೆಂಡಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಆದ್ದರಿಂದ ಒಂದೇ ಕೋಣೆಯಲ್ಲಿ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ನಡುಕ ಎಂಬುದು ಹಟವಲ್ಲ, ನಾಟಕವಲ್ಲ, ಶರೀರಧರ್ಮ. ಡೆನ್ಮಾರ್ಕಿನ ಫಾಂಗರ್ ಎಂಬ ವಿದ್ವಾಂಸರು 1970ರಲ್ಲಿ ಪ್ರಕಟಿಸಿದ ಗ್ರಂಥದ ಗಣಿತದ ಪ್ರಕಾರ, ಎಷ್ಟೇ ನಾಜೂಕಾಗಿ ಉಷ್ಣಮಾನವನ್ನು ಹೊಂದಿಸಿದರೂ ನೂರು ಜನರಲ್ಲಿ ಐವರಾದರೂ ಅತೃಪ್ತರಾಗಿ ಉಳಿಯುವರು. ಎಲ್ಲರಿಗೂ ಒಪ್ಪುವ ಅಂಕಿಯೆಂಬುದು ಯಂತ್ರದಲ್ಲಿ ಇಲ್ಲವೇ ಇಲ್ಲ. ಅದನ್ನು ಅಲ್ಲಿ ಹುಡುಕುವುದೇ ಭ್ರಾಂತಿ.

ಕಲಹದ ಬುಡವು ಇಲ್ಲಿ ಕಾಣಿಸುತ್ತದೆ. “ನನಗೆ ಚಳಿಯಿಲ್ಲ” ಎಂಬುದು ಅನುಭವದ ಮಾತು, ಅದು ಸತ್ಯ. “ಆದುದರಿಂದ ನಿನಗೂ ಚಳಿಯಿಲ್ಲ” ಎಂಬುದು ಅಹಂಕಾರದ ಮಾತು, ಅದು ಅಸತ್ಯ. ಮೊದಲನೆಯದರಿಂದ ಎರಡನೆಯದಕ್ಕೆ ಜಾರುವುದು ಒಂದು ಕ್ಷಣದ ಕೆಲಸ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ತಮ್ಮ ಗೋಷ್ಠಿಗೆ ಅನುಭವದ ಹೆಸರನ್ನಿತ್ತರು. ಅಲ್ಲಿ ಗಂಡುಹೆಣ್ಣೆಂಬ, ಮೇಲುಕೀಳೆಂಬ ಎಣಿಕೆಯಿಲ್ಲದೆ ಪ್ರತಿಯೊಬ್ಬರೂ ತಾವು ಕಂಡುಂಡುದನ್ನು ನುಡಿಯಬಹುದಾಗಿತ್ತು. ಉಳಿದವರು ಅದಕ್ಕೆ ಕಿವಿಗೊಡಬೇಕಾಗಿತ್ತು. ಇನ್ನೊಬ್ಬರ ಅನುಭವಕ್ಕೆ ತಾನೇ ಸಾಕ್ಷಿಯೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಈ ನ್ಯಾಯವು ಪರಶಿವತತ್ತ್ವದ ಚರ್ಚೆಗೆ ಸಲ್ಲುವುದಾದರೆ ಅಡುಗೆಮನೆಯ ಚಳಿಗೂ ಸಲ್ಲತಕ್ಕದ್ದು. ಪ್ರತಿಯೊಂದು ಮನೆಯೂ ಒಂದು ಚಿಕ್ಕ ಅನುಭವಮಂಟಪವಾಗಬೇಕು.

ಸದ್ದಿಲ್ಲದೆ ಅಂಕಿಯನ್ನು ತಿರುಗಿಸುವ ಕೈಯ ಕುರಿತು ಇಲ್ಲೊಂದು ಮಾತು ಅವಶ್ಯ. ಎರಡು ಡಿಗ್ರಿ ಕಡಮೆಯಾದರೆ ಶಾಲಿನಿಂದ ತುಂಬಿಕೊಳ್ಳಬಹುದು. ಎರಡು ಡಿಗ್ರಿ ಹೆಚ್ಚಾದರೆ ಹಣ ತೆತ್ತು ತೀರಿಸಬಹುದು. ಮರೆಯಲ್ಲಿ ನಡೆದ ಕೆಲಸದಿಂದ ಒಡೆದ ನಂಬುಗೆಯನ್ನು ಯಾವುದರಿಂದ ತುಂಬಿಕೊಳ್ಳಬೇಕು? ಎದುರಿಗೆ ನಿಂತು ಆಡಿದ ಕಟುನುಡಿಗಿಂತ ಬೆನ್ನ ಹಿಂದೆ ತಿರುಗಿಸಿದ ಗುಂಡಿಯೇ ಮನೆಯನ್ನು ಹೆಚ್ಚು ತಣ್ಣಗಾಗಿಸುತ್ತದೆ.

ಅದಂತಿರಲಿ. ಗಂಡಹೆಂಡಿರಿಬ್ಬರೂ ಬಾಯಿಬಿಟ್ಟು ಜಗಳವಾಡುತ್ತಿದ್ದಾರೆ. ಆದುದರಿಂದ ಅವರ ವ್ಯಾಜ್ಯವು ಎಂದಾದರೂ ತೀರೀತು. ಒಳಕೋಣೆಯಲ್ಲಿ ಮೌನವಾಗಿ ಕುಳಿತ ತಾಯಿಯ ಗತಿಯೇನು? ಕೇಳಿದರೆ ಅವಳು “ನನಗೇನೂ ಚಳಿಯಿಲ್ಲ, ಮಗನೆ” ಎನ್ನುವಳು. ಮಗನ ಹಣ ಖರ್ಚಾದೀತೆಂಬ ಕನಿಕರ ಅವಳದು; ತನ್ನಿಂದ ಸೊಸೆಗೆ ಮಾತು ಬಂದೀತೆಂಬ ಅಂಜಿಕೆ ಅವಳದು. ಇದಕ್ಕಿಂತ ಕಠಿನವಾದ ಸಂಗತಿಯೊಂದಿದೆ. ಮುಪ್ಪಿನಲ್ಲಿ ಶರೀರವು ಶಾಖವನ್ನು ಹುಟ್ಟಿಸುವುದೂ, ಹುಟ್ಟಿದ ಶಾಖವನ್ನು ಕಾದಿಟ್ಟುಕೊಳ್ಳುವುದೂ ಕುಗ್ಗುತ್ತದೆ; ನಡುಕವೂ ಮಂದವಾಗುತ್ತದೆ; ಚಳಿಯನ್ನು ಅರಿಯುವ ಶಕ್ತಿಯೇ ಕುಂದುತ್ತದೆ. ಅವಳು ಸುಳ್ಳಾಡದೆಯೂ “ಚಳಿಯಿಲ್ಲ” ಎನ್ನಬಹುದು; ಅಷ್ಟರಲ್ಲೇ ಅವಳ ಮೈ ತಣ್ಣಗಾಗುತ್ತಿರಬಹುದು. ದೇಹದ ಒಳಗಿನ ಉಷ್ಣಮಾನವು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಅಪಾಯದ ಸ್ಥಿತಿಯೆಂದೇ ಎಣಿಸುತ್ತಾರೆ. ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ಪ್ರಾಣಕ್ಕೇ ಎರವಾಗಬಹುದು. ಅಷ್ಟು ದೂರ ಹೋಗದಿದ್ದರೂ ತಣ್ಣನೆಯ ಮನೆಯು ವೃದ್ಧರ ರಕ್ತದೊತ್ತಡವನ್ನು ಏರಿಸಿ ಹೃದಯಕ್ಕೂ ಶ್ವಾಸಕ್ಕೂ ಕೇಡುಮಾಡುತ್ತದೆ. ಆದಕಾರಣವೇ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ, ಚಳಿಯ ನಾಡುಗಳ ಮನೆಯೊಳಗೆ 18 ಡಿಗ್ರಿಗೆ ಕಡಮೆಯಿಲ್ಲದ ಬಿಸುಪಿರಬೇಕೆಂದೂ, ವೃದ್ಧರು, ಶಿಶುಗಳು, ರೋಗಿಗಳು ಇರುವಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ತಿಳಿಸಿತು. 17 ಡಿಗ್ರಿಯಲ್ಲಿ ಮಗನಿಗೆ ಉಳಿಯುವ ಹಣವನ್ನು ತಾಯಿಯ ಮೈ ತೆರುತ್ತಿದೆ.

ಮೌನವನ್ನು ಸಮ್ಮತಿಯೆಂದು ಎಣಿಸುವುದು ಲೋಕದ ರೂಢಿ. ಧರ್ಮದ ದೃಷ್ಟಿಯಲ್ಲಿ ದುರ್ಬಲರ ಮೌನವು ಸಮ್ಮತಿಯಲ್ಲ. ಅದು ಕೇಳಿಸದ ಮೊರೆ. ದಾಸೋಹವೆಂದರೆ ಬಾಗಿಲಿಗೆ ಬಂದವರಿಗೆ ಅನ್ನವಿಕ್ಕುವುದಷ್ಟೇ ಎಂದು ತಿಳಿದವರಿದ್ದಾರೆ. ಬೇಡುವವನಿಗೆ ನೀಡುವುದು ದಾನ. ಬೇಡಲಾರದವನ ಬೇಕನ್ನು ತಾನಾಗಿ ಅರಿತು ಅರ್ಪಿಸುವುದು ದಾಸೋಹ. ಶರೀರವನ್ನು ಶಿವನ ನೆಲೆಯೆಂದು ನಂಬಿದವರಿಗೆ ಒಳಕೋಣೆಯಲ್ಲಿ ನಡುಗುವ ಮುದಿಮೈಯೂ ಆ ನೆಲೆಯೇ ಅಲ್ಲವೆ? ಪೂಜೆಯ ದೀಪಕ್ಕೆ ಎಣ್ಣೆಯನ್ನು ಅಳೆಯದವನು ತಾಯಿಯ ಕೋಣೆಯ ಉರಿಯನ್ನು ಅಳೆಯಬಹುದೆ?

ಹಾಗೆಂದು ಇಡೀ ಮನೆಯನ್ನು ಕುಲುಮೆ ಮಾಡಬೇಕೆಂದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅವಶ್ಯಕ್ಕಿಂತ ಅಧಿಕವಾಗಿ ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಕಥೆ ಸರ್ವರಿಗೂ ವಿದಿತವಾದುದು. ಅಲ್ಲಿ ಎರಡು ಪಾಠಗಳಿವೆ. ಬೇಕಾದಷ್ಟು ಎಂಬುದಕ್ಕೆ ಒಂದು ಮಿತಿಯುಂಟು ಎಂಬುದು ಮೊದಲನೆಯದು. ಆ ಮಿತಿಯನ್ನು ಸತಿಯು ಹೇಳಬಹುದು, ಪತಿಯು ಅವಮಾನವೆಂದೆಣಿಸದೆ ಕೇಳಬಹುದು ಎಂಬುದು ಎರಡನೆಯದು. ಮೊದಲನೆಯ ಪಾಠವನ್ನು ಮಾತ್ರ ಹಿಡಿದವನು ಕೃಪಣನಾಗುವನು. ಎರಡನ್ನೂ ಹಿಡಿದವನು ಗೃಹಸ್ಥನಾಗುವನು.

ಈ ಎರಡು ಪಾಠಗಳಿಂದ ಆ ಮನೆಯ ವ್ಯಾಜ್ಯವನ್ನು ಹೀಗೆ ತೀರಿಸಬಹುದು. ಮೊದಲು, ಮನೆಯಲ್ಲಿ ಅತ್ಯಂತ ದುರ್ಬಲವಾದ ಮೈ ಯಾವುದೆಂದು ನೋಡಿ, ಅದರ ಅವಶ್ಯಕತೆಯನ್ನು ಚರ್ಚೆಯಿಂದ ಹೊರಗಿಡಬೇಕು, ಅದು ನಿಶ್ಚಿತ. ಬಳಿಕ ಉಳಿದವರ ಹಿತಾಹಿತವನ್ನೂ ಖರ್ಚನ್ನೂ ಎದುರುಬದುರು ಕುಳಿತು ಮಾತನಾಡಬೇಕು. ಗೊತ್ತಾದ ಅಂಕಿಯನ್ನು ಯಾರೂ ಮರೆಯಲ್ಲಿ ಮುಟ್ಟಬಾರದು. ಅಲ್ಲಿನ ರೇಡಿಯೇಟರುಗಳಿಗೆ ಒಂದೊಂದಕ್ಕೂ ಬೇರೆಬೇರೆ ಹತೋಟಿಯ ತಿರುಪುಗಳಿರುವುದು ಸಾಮಾನ್ಯ. ತಾಯಿಯ ಕೋಣೆಯದನ್ನು ಏರಿಸಿ, ಬಳಸದ ಕೋಣೆಗಳದನ್ನು ಇಳಿಸಿದರೆ, ಒಲೆಯ ಸುತ್ತಣ ಹಳೆಯ ದೂರಗಳು ಮರಳಿ ಬಂದಂತಾಗುತ್ತದೆ. ಅಂಕಿಯನ್ನು 25ಕ್ಕೆ ಏರಿಸಿದರೆ ಮನೆ ಬೇಗ ಕಾಯುವುದೆಂಬ ಭ್ರಮೆಯನ್ನು ಬಿಡಬೇಕು. ಇಂತಹ ಯಂತ್ರವು ಸಾಮಾನ್ಯವಾಗಿ ಬೇಗ ಕಾಯಿಸುವುದಿಲ್ಲ, ನಿಲ್ಲಿಸುವುದನ್ನು ತಡಮಾಡುತ್ತದೆ ಅಷ್ಟೆ. ಶಕ್ತಿಯುಳ್ಳವನು ಇನ್ನೊಂದು ಅಂಗಿ ತೊಡಬೇಕು ಎಂಬ ಗಂಡನ ಮಾತು ಒಳ್ಳೆಯದೇ. ಆದರೆ ಅದನ್ನು ಅವನು ಮೊದಲು ತನಗೆ ಹೇಳಿಕೊಳ್ಳಬೇಕು.

ಕನ್ನಡನಾಡಿನಲ್ಲಿರುವ ಗೃಹಸ್ಥರಿಗೂ ಈ ನ್ಯಾಯವೇ ಸಲ್ಲುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಬೀಸಣಿಗೆಯ ವೇಗಕ್ಕಾಗಿ, ತಂಪುಯಂತ್ರದ ಅಂಕಿಗಾಗಿ ಆಗುವ ಮಾತುಕತೆಯು ಆಂಗ್ಲನಾಡಿನ ಕಲಹದ ತಮ್ಮನೇ. 2020ರ ಜನವರಿ 1ರಿಂದ ಭಾರತದಲ್ಲಿ ಕೋಣೆಯ ತಂಪುಯಂತ್ರಗಳು ಮೊದಲು 24 ಡಿಗ್ರಿಯಲ್ಲೇ ಆರಂಭವಾಗುವಂತೆ ಇರಬೇಕೆಂದು ಸರ್ಕಾರವು ವಿಧಿಸಿತು. ಆರಂಭದ ಅಂಕಿಯನ್ನು ಸರ್ಕಾರವು ಗೊತ್ತುಮಾಡಬಹುದು. ಪಕ್ಕದಲ್ಲಿ ಮಲಗಿದವರಿಗೆ ಹೊದಿಕೆ ಸಾಲುವುದೇ ಎಂದು ನೋಡುವ ಕಣ್ಣನ್ನು ಯಾವ ಸರ್ಕಾರವೂ ಕೊಡಲಾರದು.

ಒಳಕೋಣೆಯಲ್ಲಿ ಕುಳಿತವಳನ್ನು “ಚಳಿಯೇ?” ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಉತ್ತರವು ಮೊದಲೇ ಗೊತ್ತು. ಆದಕಾರಣ ಬಾಗಿಲಲ್ಲಿ ನಿಂತು ಕೇಳಬೇಡಿರಿ. ಒಳಗೆ ಹೋಗಿ, ಹತ್ತಿರ ಕುಳಿತು, ಅವಳ ಎರಡು ಅಂಗೈಗಳನ್ನು ನಿಮ್ಮ ಅಂಗೈಗಳಲ್ಲಿ ಹಿಡಿದು ನೋಡಿರಿ. ಬಾಯಿ ಹೇಳದುದನ್ನು ಅವು ಹೇಳುವುವು. ಆ ಮೇಲೆ ಎದ್ದು ಗುಂಡಿಯನ್ನು ತಿರುಗಿಸಲು ಗಂಡನು ಹೋಗಬೇಕೋ ಹೆಂಡತಿಯು ಹೋಗಬೇಕೋ ಎಂಬ ಕಲಹವು ಆ ಮನೆಯಲ್ಲಿ ಹುಟ್ಟಲಾರದು.