ವಸಂತವೂ ಪ್ರಸಾದವೂ

ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗುವುದೆಂಬುದು ಹಿರಿಯರ ಮಾತು. ಯುಗಾದಿಗೆ ಇನ್ನೂ ತಿಂಗಳಿರುವಾಗಲೇ ಹೊಂಗೆಯು ಹಳೆಯ ಎಲೆಗಳನ್ನುದುರಿಸಿ ತಳಿರು ತಳೆಯುತ್ತದೆ. ಎಲೆಯಿಲ್ಲದ ಮುತ್ತುಗದ ಕೊಂಬೆಯಲ್ಲಿ ಕೆಂಡದಂತಹ ಹೂವರಳುತ್ತದೆ. ಹಿತ್ತಲ ಮಾವಿನ ಹೂವಿನ ಕಂಪು ಪಡಸಾಲೆಯವರೆಗೂ ಬರುತ್ತದೆ. ಇದನ್ನು ಕಂಡು ಹಿಗ್ಗುವುದು ಭಕ್ತನಿಗೆ ಸಲ್ಲುವುದೇ? ಇಂದ್ರಿಯಸುಖವೆಂದು ಬಗೆದು ಅವನು ಕಣ್ಣು ಮುಚ್ಚಬೇಕೇ?

ಶರಣರು ಕಣ್ಣು ಮುಚ್ಚಲಿಲ್ಲ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯು ಗಿಳಿ ಕೋಗಿಲೆಗಳನ್ನೇ ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದಳು. ಜೇಡರ ದಾಸಿಮಯ್ಯನು ನೆಲ, ಬೆಳೆ, ಬೀಸುವ ಗಾಳಿಯೆಲ್ಲವೂ ಶಿವನ ದಾನವೆಂದು ಕಂಡನು. ಆದುದರಿಂದ ದೋಷವಿರುವುದು ಹೂವಿನಲ್ಲಲ್ಲ, ಕಣ್ಣಿನಲ್ಲೂ ಅಲ್ಲ. ‘ಇದು ನನ್ನದು’ ಎಂಬ ಭಾವದಲ್ಲಿ. ತನ್ನದೆಂದು ಅನುಭವಿಸಿದರೆ ಭೋಗ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಅದೇ ಪ್ರಸಾದ.

ಮಾವಿನ ಹೂಗೊಂಚಲನ್ನು ಮುರಿದು ತಂದವನಿಗೆ ಒಂದು ದಿನದ ಕಂಪು ದೊರೆಯಬಹುದು. ಆದರೆ ಅದರಲ್ಲಿ ಕಾಯಾಗಬಹುದಾಗಿದ್ದುದು ಅಂದೇ ಅಳಿಯಿತು. ಹೂವು ಇದ್ದಲ್ಲಿಯೇ ಇರಲಿ. ಅದರ ರೂಪವನ್ನು ಕಣ್ಣಿನಿಂದ, ಗಂಧವನ್ನು ನಾಸಿಕದಿಂದ ಲಿಂಗಕ್ಕೆ ಅರ್ಪಿಸಲು ಗೃಹಸ್ಥನಿಗೆ ಏನು ಅಡ್ಡಿ?

ಪ್ರಸಾದವಾದುದು ಒಬ್ಬನಲ್ಲಿಯೇ ನಿಲ್ಲದು. ಅಂಗಳಕ್ಕೆ ಹಿತವಾದ ಬಿಸಿಲನ್ನು ತಂದ ಸೂರ್ಯನೇ ಮುಂದೆ ಕೆರೆಯನ್ನು ಬತ್ತಿಸುತ್ತಾನೆ. ತಳಿರನ್ನು ಕಂಡು ತಣಿದ ಕಣ್ಣು ಬಾಯಾರಿದ ಹಕ್ಕಿಯನ್ನೂ ದಾರಿಹೋಕನನ್ನೂ ಕಾಣಬೇಕು. ಹಕ್ಕಿಗೊಂದು ಬೋಗುಣಿ, ಮನುಷ್ಯನಿಗೊಂದು ತಂಬಿಗೆ ನೀರು ಬಾಗಿಲಲ್ಲಿದ್ದರೆ ಆ ಮನೆಯ ವಸಂತವು ದಾಸೋಹವಾಯಿತು. ಅಂತಹ ಹಿಗ್ಗಿಗೆ ಭಕ್ತನು ನಾಚಬೇಕಾಗಿಲ್ಲ.